ಗಿರಣಿಗೂ ಅಮಾವಾಸ್ಯೆ

ನಿನ್ನೆ ಮಧ್ಯಾಹ್ನ ಕುಷ್ಟಗಿಯ ನಮ್ಮ ಹಳೆಯ ಓಣಿಗೆ ಹೋಗಿದ್ದೆ. ಗಿರಣಿ ಬಂದ್ ಆಗಿತ್ತು, ಆದರೂ ಬಿಸಿ ಜೋಳದ ಹಿಟ್ಟಿನ ವಾಸನೆ ಮೂಗಿಗೆ ಬಡಿಯಿತು. ಬೇರೆಯವರಿಗೆ ಅದರಿಂದ ರೊಟ್ಟಿ ನೆನಪಾಗುತ್ತದೆ. ನನಗೆ ನೆನಪಾಗುವುದು ಕಂಪ್ಯೂಟರ್.

ಈ ಗಿರಣಿಗೆ ಅಂಟಿಕೊಂಡ ಕೋಣೆಯಲ್ಲಿ ಅವ್ವ ದಿನಾ ಮಧ್ಯಾಹ್ನ ಓಣಿಯ ಹುಡುಗಿಯರಿಗೆ ಕಂಪ್ಯೂಟರ್ ಕಲಿಸುತ್ತಿದ್ದಳು. ಇದ್ದದ್ದು ಒಂದೇ ಹಳೆಯ ಮಾನಿಟರ್. ನಾಲ್ಕು ಅಕ್ಷರ ಮೂಡುವಷ್ಟರಲ್ಲಿ ಪರದೆ ಮಿಣುಕಿ ನಡುಗುತ್ತಿತ್ತು. ಅವ್ವ ವೈರು ಬಿಗಿ ಮಾಡುತ್ತಿದ್ದಳು, ಮಾನಿಟರಿನ ನೆತ್ತಿಗೆ ತಟ್ಟುತ್ತಿದ್ದಳು. "ಇದಕ್ಕ ವಯಸ್ಸಾಗೇತಿ" ಎನ್ನುತ್ತಿದ್ದಳು. ಕಣ್ಣು ನೋವೆಂದು ಹುಡುಗಿಯರು ಒಬ್ಬೊಬ್ಬರಾಗಿ ಬರುವುದನ್ನೇ ಬಿಡತೊಡಗಿದರು.

ಕೊನೆಗೆ ಅಮಾವಾಸ್ಯೆಯಂದು ಅವ್ವ ಮಾನಿಟರಿಗೆ ವಿಭೂತಿ ಹಚ್ಚಿ ಕಾಯಿ ಒಡೆದಳು. ಅಂದು ಪರದೆ ಒಂದಿಷ್ಟೂ ಅಲುಗಲಿಲ್ಲ! ಖುಷಿಯಿಂದ ಓಣಿಗೆಲ್ಲ ಸಕ್ಕರೆ ಹಂಚಿದಳು. ಮರುದಿನ ಮತ್ತೆ ಅದೇ ನಡುಕ. ಅವ್ವ ಕೈಕಟ್ಟಿ ಕುಳಿತಳು. ಆಗ ಗೋಡೆಯಾಚೆಯ ಗಿರಣಿ ಮೋಟಾರಿನ ಸದ್ದು ಅವಳ ಕಿವಿಗೆ ಬಿತ್ತು. ಅಮಾವಾಸ್ಯೆಗೆ ಗಿರಣಿಗೂ ಪೂಜೆ, ಗಿರಣಿಗೂ ರಜೆ.

ಎದ್ದವಳೇ ಗಿರಣಿಯ ನೀಲವ್ವನ ಹತ್ತಿರ ಹೋದಳು. "ಅಕ್ಕಾ, ನಿನ್ನ ಮೋಟಾರು ಚಾಲೂ ಆತಂದ್ರ ನನ್ನ ಮಾನಿಟರ್ ನಡಗತೈತಿ."

ನೀಲವ್ವ ಸೆರಗಿನಿಂದ ಹಿಟ್ಟು ಕೊಡವಿಕೊಂಡಳು. "ಅಷ್ಟ ಹೌದಿಲ್ಲೋ? ಮಧ್ಯಾಹ್ನ ಬಂದ್ ಇಡ್ತೀನಿ ತಗೋ. ಹುಡುಗ್ಯಾರು ಕಲೀಲಿ."

ಬಿಟ್ಟುಹೋದವರೆಲ್ಲ ಮರಳಿ ಬಂದರು.

ಅವ್ವನ ಕೋಣೆಯಲ್ಲೀಗ ಬಳೆ ಅಂಗಡಿ ಇದೆ. ನಿನ್ನೆ ಗಿರಣಿಯ ಕಟ್ಟೆಯ ಮೇಲೆ ನೀಲವ್ವನ ಸೊಸೆ ಕುಳಿತಿದ್ದಳು. ಮಧ್ಯಾಹ್ನ ಯಾಕೆ ಬಂದ್ ಇಡುತ್ತೀರೆಂದು ಕೇಳಿದೆ.

"ಯಾಕೋ ಗೊತ್ತಿಲ್ರಿ. ನಮ್ಮತ್ತಿ ಕಾಲದಿಂದ ಹಿಂಗ ಐತಿ. ಮುರಿಯಾಕ ಮನಸಾಗಿಲ್ಲ."