ಬಾದಾಮಿ ಗಾತ್ರದ ನೆಪ

ಮನಶ್ಶಾಸ್ತ್ರ ವಿಭಾಗದ ಪ್ರಯೋಗಾಲಯದಲ್ಲಿ ಹತ್ತೊಂಬತ್ತು ವರ್ಷ ಇಲಿಗಳ ಪಂಜರ ತೊಳೆದವನಿಗೆ ಆ ವಾಸನೆಯ ಜತೆ ಒಂದಿಷ್ಟು ವಿದ್ಯೆಯೂ ಅಂಟಿಕೊಂಡಿತ್ತು. ಪ್ರೊಫೆಸರರ ಪಾಠ ಬಾಗಿಲ ಸಂದಿಯಿಂದ ಅರ್ಧ ಕೇಳಿಸುತ್ತಿತ್ತು. ಮಿಕ್ಕರ್ಧವನ್ನು ಅವನು ತನ್ನ ಅನುಕೂಲಕ್ಕೆ ತಕ್ಕಂತೆ ತುಂಬಿಕೊಂಡಿದ್ದ. ಮರೆವಿಗೆ ನರಕೋಶ, ಸೋಮಾರಿತನಕ್ಕೆ ಹಾರ್ಮೋನು, ಸಿಟ್ಟಿಗೆ ಅಮಿಗ್ಡಲಾ ಎಂಬ ಮೆದುಳಿನ ತುಣುಕು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ; ಇವನಿಗೆ ನೆಲವೂ ಬೇಕಾಗಲಿಲ್ಲ, ತಲೆಬುರುಡೆಯೊಳಗೇ ಡೊಂಕು ಸಿಕ್ಕಿತು.

ಭಾನುವಾರ, ಮಗಳ ಗೆಳತಿಯರ ಎದುರಿಗೇ, ಚಮಚ ಕಾಣಲಿಲ್ಲವೆಂದು ಹೆಂಡತಿಯ ಮೇಲೆ ಹರಿಹಾಯ್ದು ತಟ್ಟೆ ಬೀಸಿ ಎಸೆದ. ಬಟ್ಟೆ ಹೊಲಿದು ಮನೆ ತೂಗಿಸುತ್ತಿದ್ದ ಹೆಂಡತಿ ಹೊಲಿಗೆ ಯಂತ್ರಕ್ಕೆ ಮುಚ್ಚಳ ಹಾಕಿದಳು.

"ತಪ್ಪಾಯ್ತು ಅಂತ ಒಂದು ಮಾತು ಹೇಳಿ. ಇಲ್ಲಾಂದ್ರೆ ಶನಿವಾರ ಮಗಳನ್ನ ಕರ್ಕೊಂಡು ಅಕ್ಕನ ಮನೆಗೆ ಹೊರಟೆ. ಮಿಷನ್ನೂ ಜತೆಗೇ ಬರುತ್ತೆ."

ಮಿಷನ್ನು ಹೊರಟರೆ ಅವಳು ತಿರುಗಿ ಬರುವವಳಲ್ಲವೆಂದು ಅವನಿಗೂ ಗೊತ್ತಿತ್ತು. ಆದರೂ ಆ ಒಂದು ಮಾತಿನ ಬದಲು ಗುರುವಾರ ಪ್ರಯೋಗಾಲಯದ ಮೆದುಳಿನ ಪಟವನ್ನೇ ಸುರುಳಿ ಸುತ್ತಿ ತಂದು ಗೋಡೆಗೆ ನೇತುಹಾಕಿದ.

"ನೋಡಿಲ್ಲಿ, ಬಾದಾಮಿಯಷ್ಟಿದೆ. ಸಿಟ್ಟು ಬರೋದು ಇಲ್ಲಿಂದ. ಇದರಲ್ಲಿ ನಂದೇನಿದೆ ಹೇಳು?"

"ತಟ್ಟೆ ಎಸೆದದ್ದೂ ಬಾದಾಮೀನಾ?"

"ನಿಂಗೆ ವಿಜ್ಞಾನ ಅರ್ಥ ಆಗಲ್ಲ ಬಿಡು."

ಶುಕ್ರವಾರ ಪಟವಿಲ್ಲದೆ ಪ್ರೊಫೆಸರರ ಪಾಠ ನಿಂತಿತು. ಕದ್ದ ಮಾಲು ಮನೆಯಲ್ಲಿ ಬೇಡವೆಂದು ಹೆಂಡತಿ ಅದನ್ನು ಕಂಕುಳಲ್ಲಿಟ್ಟುಕೊಂಡು ಪ್ರಯೋಗಾಲಯಕ್ಕೆ ಬರುವ ಹೊತ್ತಿಗೆ, ಪ್ರೊಫೆಸರರು ವಿದ್ಯಾರ್ಥಿಗಳ ಎದುರಿಗೇ ಇವನಿಗೆ ಛೀಮಾರಿ ಹಾಕುತ್ತಿದ್ದರು.

"ತಲೇಲಿ ಏನಿದೆಯಯ್ಯಾ ನಿಂಗೆ?"

ಆ ಪ್ರಶ್ನೆಗೆ ಅವನಲ್ಲಿ ಪಟಸಮೇತ ಉತ್ತರವಿತ್ತು. ಆದರೆ ಕೈಕಟ್ಟಿ, ತಲೆ ತಗ್ಗಿಸಿ, "ತಪ್ಪಾಯ್ತು ಸಾರ್" ಎಂದ. ಒಂದಲ್ಲ, ನಾಲ್ಕು ಸಲ. ಮನೆಯಲ್ಲಿ ಹುಲಿ, ಬೀದಿಯಲ್ಲಿ ಇಲಿ ಅನ್ನುತ್ತಾರೆ. ಪಂಜರದ ಇಲಿಗಳೂ ಇಷ್ಟು ಮುದುರಿದ್ದಿಲ್ಲ.

ಹೆಂಡತಿ ಪಟವನ್ನು ಮೇಜಿನ ಮೇಲಿಟ್ಟಳು. "ಸಾರ್, ಇವರ ಬಾದಾಮಿಗೆ ನಿಮ್ಮ ಗುರುತು ಚೆನ್ನಾಗಿದೆ. ನಿಮ್ಮೆದುರು ಎಷ್ಟು ಮರ್ಯಾದೆಯಿಂದ ಇರುತ್ತೆ ನೋಡಿ."

ಮೆದುಳನ್ನು ಅರೆದು ಕುಡಿದಿದ್ದ ಪ್ರೊಫೆಸರರಿಗೆ ಅದು ಅರ್ಥವಾಗಲಿಲ್ಲ. ಇವನಿಗಾಯಿತು.

ಸಂಜೆ ಬಂದಾಗ ಮಗಳ ಬಟ್ಟೆಯ ಚೀಲ ಹೊಸ್ತಿಲ ಬಳಿ ಇತ್ತು. ಮಿಷನ್ನಿಗೆ ಹಗ್ಗ ಬಿಗಿದಿತ್ತು. ಅವನು ಗೋಡೆಯ ಖಾಲಿ ಮೊಳೆಯತ್ತ ಮುಖ ಮಾಡಿ "ತಪ್ಪಾಯ್ತು" ಎಂದು ಗೊಣಗಿದ.

"ಮೊಳೆಗೆ ಹೇಳಿದ್ದು ಕೇಳಿಸ್ತು," ಎಂದಳು ಹೆಂಡತಿ. "ಇತ್ತ ತಿರುಗಿ. ಇರಿ, ಮಗಳನ್ನೂ ಕರೀತೀನಿ. ಸಾರ್‌ಗೆ ನಾಲ್ಕು ಸಲ ಹೇಳಿದ್ರಿ. ನಾವಿಬ್ಬರಿದ್ದೀವಿ, ಎಂಟು."

ಐದನೆಯ ಸಲಕ್ಕೆ ಅವಳು ಹಗ್ಗದ ಗಂಟಿಗೆ ಕೈ ಹಾಕಿದಳು. ಎಂಟಾಗುವವರೆಗೂ ಬಿಚ್ಚಲಿಲ್ಲ.