ಚಿಮಟದಕ್ಕ ಎಸೆದ ಪೊರೆ

ಬೆಳಗಿನ ಐದೂವರೆ. ಪ್ರಯೋಗಾಲಯದ ಉದ್ದನೆಯ ಕಾರಿಡಾರಿನಲ್ಲಿ ಒಂದೇ ಒಂದು ಕೋಣೆಗೆ ದೀಪ. ಒಳಗೆ, ಕನ್ನಡಕವನ್ನು ಹಣೆಗೆ ಏರಿಸಿಕೊಂಡ ಹೆಂಗಸೊಬ್ಬರು ಸೂಕ್ಷ್ಮದರ್ಶಕದ ಮೇಲೆ ಬಾಗಿದ್ದಾರೆ. ಎರಡೂ ಕೈಯಲ್ಲಿ ಸೂಜಿಮೊನೆಯ ಚಿಮಟ. ತಟ್ಟೆಯಲ್ಲಿರುವುದು ಇಲಿಯ ತಲೆಬುರುಡೆಯ ಮೇಲ್ಚಿಪ್ಪು, ಹೆಬ್ಬೆರಳಿನ ಉಗುರಿಗಿಂತ ಸಣ್ಣದು. ಅದರ ಒಳಮೈಗೆ ಅಂಟಿದ ಪೊರೆಯನ್ನು ಹರಿಯದಂತೆ ಬಿಡಿಸಬೇಕು. ಮೊಟ್ಟೆಯ ಸಿಪ್ಪೆಯಿಂದ ಒಳಪೊರೆ ಬಿಡಿಸಿದ ಹಾಗೇ, ಆದರೆ ಇಲ್ಲಿ ಪಕ್ಕದವರು ಕೆಮ್ಮಿದರೂ ಕೆಲಸ ಕೆಟ್ಟಿತು.

"ಹತ್ತು ನಿಮಿಷ ಮಾತಾಡಿಸ್ಬೇಡಿ," ಎನ್ನುತ್ತಾರೆ, ನನ್ನತ್ತ ನೋಡದೆ. ಹನ್ನೊಂದನೇ ನಿಮಿಷಕ್ಕೆ ತಲೆ ಎತ್ತುತ್ತಾರೆ. "ಬಂತು. ಈಗ ಎಷ್ಟು ಬೇಕಾದ್ರೂ ಕೆಮ್ಮಿ."

ಇಲ್ಲಿ ಎಲ್ಲರಿಗೂ ಇವರು ಚಿಮಟದಕ್ಕ. ಸಂಶೋಧಕರು ಬರುತ್ತಾರೆ, ಪದವಿ ಪಡೆದು ಹೋಗುತ್ತಾರೆ. ಈ ಕುರ್ಚಿಯಲ್ಲಿ ಇಪ್ಪತ್ತೆಂಟು ವರ್ಷದಿಂದ ಕೂತಿರುವವರು ಇವರೊಬ್ಬರೇ. ದಿನಕ್ಕೆ ಆರು ಪೊರೆ. ಯಾವ ಪ್ರಬಂಧದಲ್ಲೂ ಇವರ ಹೆಸರಿಲ್ಲ. ಕೊನೆಯ ಪುಟದಲ್ಲಿ 'ತಾಂತ್ರಿಕ ನೆರವು' ಎಂದಿದ್ದರೆ ಅದು ಇವರೇ ಎಂದು ತಿಳಿಯಬೇಕು.

ಈ ಪೊರೆಗೆ ಮೊದಲು ಇಷ್ಟು ಮರ್ಯಾದೆ ಇರಲಿಲ್ಲ. ಮೈಯ ಉಳಿದ ಭಾಗಗಳ ಕೊಳೆಯನ್ನು ಸಾಗಿಸುವ ದುಗ್ಧರಸ ನಾಳಗಳು ಮಿದುಳಿಗೆ ಇಲ್ಲವೇ ಇಲ್ಲ ಎಂದು ಪಠ್ಯಪುಸ್ತಕಗಳು ಬಹುಕಾಲ ಹೇಳುತ್ತಿದ್ದವು. ಹಾಗಾಗಿ ಮಿದುಳನ್ನು ಎತ್ತಿಕೊಂಡು, ಚಿಪ್ಪನ್ನು ಪೊರೆಸಮೇತ ಬುಟ್ಟಿಗೆ ಹಾಕುವುದೇ ಕ್ರಮವಾಗಿತ್ತು. "ಬಿಸಾಕೋದ್ರಲ್ಲಿ ನನ್ನಷ್ಟು ಚುರುಕು ಯಾರೂ ಇರ್ಲಿಲ್ಲ," ಎನ್ನುತ್ತಾರೆ ಚಿಮಟದಕ್ಕ. ನಾಳಗಳು ಇದ್ದದ್ದು ಆ ಪೊರೆಯಲ್ಲೇ. ಬೇರೆ ಕಡೆಯ ಸಂಶೋಧಕರು ಅದನ್ನು ತೋರಿಸಿಕೊಟ್ಟ ಮೇಲೆ ಇಲ್ಲಿಯೂ ಬುಟ್ಟಿಯನ್ನು ದೂರ ಸರಿಸಿದರು.

ಮಿದುಳಿನ ಉರಿಯೂತದ ಕಾಯಿಲೆಗಳಲ್ಲಿ ಈ ನಾಳಗಳ ಪಾತ್ರವೇನು ಎಂಬುದೇ ಇಲ್ಲಿನ ಹುಡುಕಾಟ. ಅವು ಮಿದುಳಿನ ಕಸವನ್ನು ಕುತ್ತಿಗೆಯ ಗ್ರಂಥಿಗಳಿಗೆ ಒಯ್ಯುತ್ತವೆ; ಜೊತೆಗೆ ಒಳಗಿನ ಸುದ್ದಿಯನ್ನೂ. ಆ ಸುದ್ದಿ ಮುಟ್ಟಿ, ಮೈ ಕಾಯಬೇಕಾದ ಕಣಗಳು ತಪ್ಪು ತಿಳಿದು ಮಿದುಳಿನ ಮೇಲೇ ಏರಿಹೋಗುತ್ತವೆಯೇ? "ದಾರಿ ತೆರೆದಿದ್ರೆ ಒಳ್ಳೇದೋ, ಮುಚ್ಚಿದ್ರೆ ಒಳ್ಳೇದೋ, ಇನ್ನೂ ಪೂರ್ತಿ ಗೊತ್ತಿಲ್ಲ. ದೊಡ್ಡೋರು ವಾದ ಮಾಡ್ತಿದ್ದಾರೆ. ನಾನು ಪೊರೆ ಬಿಡಿಸ್ತಿದ್ದೀನಿ."

ಅಂಥದೇ ಕಾಯಿಲೆ ಇವರ ಮನೆಯಲ್ಲೂ ಕೂತಿದೆ. ತಂಗಿ ಹೊಲಿಗೆ ಕೆಲಸದವರು. ಹದಿನೇಳು ವರ್ಷದ ಹಿಂದೆ ದಾರ ಪೋಣಿಸಲು ಹೋಗಿ, "ಅಕ್ಕಾ, ಎರಡು ಸೂಜಿ ಕಾಣ್ತಿದೆ," ಎಂದರು. ಮೈ ಕಾಯುವ ಕಣಗಳೇ ಅವರ ನರಗಳ ಹೊದಿಕೆಯನ್ನು ತಿನ್ನುತ್ತಿದ್ದವು. ಮೊದಲು ಕೈ ಸೋತಿತು, ಆಮೇಲೆ ಕಾಲು. ಈಗ ಗಾಲಿಕುರ್ಚಿ, ಅಚ್ಚಿನ ಅಕ್ಷರ ಕಣ್ಣಿಗೆ ನಿಲ್ಲುವುದಿಲ್ಲ. ಭಾನುವಾರ ಬೆಳಿಗ್ಗೆ ಅಕ್ಕ ಈ ಪುರವಣಿಯನ್ನು ಜಾಹೀರಾತು ಸಮೇತ ಓದಿ ಹೇಳಬೇಕು. ನಡುವೆ ಹಾರಿಸಿದರೆ, ಪುಟ ತಿರುವಿದ ಸದ್ದಿನಲ್ಲೇ ಕಳ್ಳತನ ಗೊತ್ತಾಗಿಬಿಡುತ್ತದೆ.

ದಿನಾ ಸಂಜೆ ಅಕ್ಕ ಚಪ್ಪಲಿ ಬಿಡುವಾಗ ತಂಗಿಯದು ಒಂದೇ ಪ್ರಶ್ನೆ, "ಇವತ್ತೇನಾದ್ರೂ ಸಿಕ್ತಾ?" ಅಕ್ಕನದು ಒಂದೇ ಉತ್ತರ, "ಇಲ್ಲ ಕಣೆ." ಇನ್ನೆರಡು ತಿಂಗಳಿಗೆ ಚಿಮಟದಕ್ಕನಿಗೆ ನಿವೃತ್ತಿ. ಆಮೇಲೆ ಈ ಪ್ರಶ್ನೆಯೂ ಇರುವುದಿಲ್ಲ. ತಂಗಿಗೆ ಇಷ್ಟು ವರ್ಷ ಹೇಳಲಾಗದೆ ಉಳಿದ ಒಂದು ಮಾತನ್ನು ಅವರು ನನಗೆ ಹೇಳಿದ್ದು, ಬರೆಯಿರಿ ಎಂದದ್ದು, ಅದಕ್ಕೇ. ಒಂದು ಷರತ್ತು ಮಾತ್ರ ಇತ್ತು. "ಕೊನೇಲಿ ಹಾಕಿ. ಅಲ್ಲೀವರೆಗೆ ಓದೋ ಹೊತ್ತಿಗೆ ಧೈರ್ಯ ಬಂದಿರುತ್ತೆ."

ಅದು ಹತ್ತೊಂಬತ್ತು ವರ್ಷದ ಹಿಂದಿನ ಮಾತು. ತಂಗಿ ಆಗಿನ್ನೂ ಗಟ್ಟಿಮುಟ್ಟಾಗಿದ್ದರು. ಎಸೆಯಬೇಕಿದ್ದ ಚಿಪ್ಪೊಂದು ಮರೆವಿನಿಂದ ಬಣ್ಣದ ದ್ರಾವಣದಲ್ಲೇ ಉಳಿದಿತ್ತು. ಬೆಳಿಗ್ಗೆ ಬಂದ ಚಿಮಟದಕ್ಕ ಕುತೂಹಲಕ್ಕೆ ನೋಡಿದರು. ಪೊರೆಯಲ್ಲಿ, ದೊಡ್ಡ ರಕ್ತನಾಳದ ಪಕ್ಕದಲ್ಲೇ, ಇನ್ನೊಂದು ಗೆರೆ. ಅದು ರಕ್ತನಾಳವೂ ಅಲ್ಲ, ನರವೂ ಅಲ್ಲ. ಆಗಿನ ಮುಖ್ಯಸ್ಥರನ್ನು ಕರೆದು ತೋರಿಸಿದರು. ಅವರು ಗೆರೆ ನೋಡುವ ಮೊದಲು, "ಚಿಪ್ಪು ಬಣ್ಣದಲ್ಲಿ ಹೇಗೆ ಉಳೀತು?" ಎಂದು ಕೇಳಿದರು. ಒಂಬತ್ತು ವರ್ಷ ದುಡಿದಿದ್ದರೂ ಚಿಮಟದಕ್ಕನ ಕೆಲಸ ಖಾಯಂ ಆಗಿರಲಿಲ್ಲ.

"ಹೆದರಿಬಿಟ್ಟೆ. ನಂದೇ ತಪ್ಪು ಸಾರ್, ಬಣ್ಣ ಸೋರಿರ್ಬೇಕು ಅಂದೆ. ಅವರು ಹಾಗೆ ಅನ್ನಲೇ ಇಲ್ಲ, ನಾನೇ ಅಂದೆ. ತೊಳೆದು ಬಿಸಾಕಿದೆ."

ಅಂದು ಅವರು ಪಟ್ಟು ಹಿಡಿದಿದ್ದರೆ ತಂಗಿಯ ಕಾಲು ಉಳಿಯುತ್ತಿತ್ತು ಎಂದು ಯಾವ ವೈದ್ಯರೂ ಹೇಳಲಾರರು. ಚಿಮಟದಕ್ಕನಿಗೂ ಅದು ಗೊತ್ತು. ಗೊತ್ತಿದ್ದೂ ಆ ವ್ಯಥೆ ಕರಗಿಲ್ಲ.

ದಿನದ ಆರನೇ ಚಿಪ್ಪನ್ನು ತಟ್ಟೆಗಿಟ್ಟು ಅವರು ಕನ್ನಡಕ ಮೇಲೇರಿಸಿದರು. "ಬೇರೆ ಆಸೆ ಏನಿಲ್ಲ. ಕೊನೇ ಸಾಲು ಮಾತ್ರ ನಾನು ಹೇಳಿದ ಹಾಗೇ ಇರ್ಲಿ. ಅವಳಿಗೆ ಓದಿ ಹೇಳೋಳು ನಾನೇ ಅಲ್ವಾ." ಅವರು ಹೇಳಿದ ಹಾಗೇ ಇಟ್ಟಿದ್ದೇನೆ:

"ಸಿಕ್ಕಿತ್ತು ಕಣೆ. ಇದೇ ಕಣ್ಣಲ್ಲಿ ನೋಡಿ, ಇಲ್ಲ ಅಂದುಬಿಟ್ಟೆ."