ಬ್ಯಾರನ್ನಿಗೆ ವೈಫೈ ಸೇರಿಸಿದ್ದು

ಕಂಪಲಾಪುರದ ವೀರಭದ್ರಸ್ವಾಮಿಗೆ ಕಣ್ಣು ಮಂಜಾಗಿದೆ ಎಂಬುದು ಹೆಂಡತಿ ನೀಲಾಂಬಿಕೆಗೆ ಗೊತ್ತಿತ್ತು. ಅವಳಿಗೆ ಗೊತ್ತಿದೆ ಎಂಬುದು ಅವನಿಗೂ ಗೊತ್ತಿತ್ತು. ಎರಡು ವರ್ಷದಿಂದ ಇಬ್ಬರೂ ಆ ಮಾತೆತ್ತಿರಲಿಲ್ಲ.

ಬ್ಯಾರನ್ನಿನಲ್ಲಿ, ಅಂದರೆ ಸೌದೆ ಉರಿಸಿ ಸೊಪ್ಪು ಹದ ಮಾಡುವ ಕಾವಿನ ಮನೆಯಲ್ಲಿ, ಹೊಗೆಸೊಪ್ಪು ಬೇಯಿಸುವುದರಲ್ಲಿ ಸ್ವಾಮಿಯದು ಎತ್ತಿದ ಕೈ. ಕಾವು ಸ್ವಲ್ಪ ಹೆಚ್ಚುಕಮ್ಮಿಯಾದರೂ ಸೊಪ್ಪು ಕಪ್ಪಾಗಿ ಹಾಳಾಗುತ್ತದೆ. ಸಕ್ಕರೆ ಕಾಯಿಲೆ ಕಣ್ಣಿಗಿಳಿದ ಮೇಲೆ ಥರ್ಮಾಮೀಟರ್ ಓದುವ ಕೆಲಸ ನೀಲಾಂಬಿಕೆಯ ಪಾಲಿಗೆ ಬಂತು. ಸೌದೆ ಇಡುವ ನೆಪದಲ್ಲಿ ಹೋಗಿ, "ನೂರಾಹತ್ತು ಆದಂಗದೆ, ನೀವೇ ಒಂದ್ಕಿತ ನೋಡಿ" ಅನ್ನುವಳು. ಅವನು ಗಾಜಿಗೆ ಮೂಗು ತಾಗಿಸಿ, "ಹೂಂ, ನೂರಾಹತ್ತೇ" ಅನ್ನುವನು. ಸಂಸಾರ ಸುಸೂತ್ರವಾಗಿ ನಡೆದಿತ್ತು.

ಈಗ ಮಗಳು ಆಶಾರಾಣಿಗೆ ದಿನ ತುಂಬಿತ್ತು. ಅವಳಿರುವುದು ಎಚ್.ಡಿ. ಕೋಟೆಯಲ್ಲಿ. ಪ್ರಯಾಣ ಬೇಡವೆಂದು ಡಾಕ್ಟರು ಹೇಳಿದ್ದರಿಂದ ಬಾಣಂತನಕ್ಕೆ ತಾಯಿಯೇ ಹೋಗಬೇಕು. ಹೋದರೆ ಇಲ್ಲಿ ಕಾವು ಓದುವವರು ಯಾರು? "ಪದೇ ಪದೇ ಎದ್ದೋಗಿ ನೋಡೋದ್ ತಪ್ತದೆ, ನಿಮ್ ಮಂಡಿನೋವಿಗೆ ಒಳ್ಳೇದು ಕಣ್ರೀ" ಎಂದು ಗಂಡನನ್ನು ಒಪ್ಪಿಸಿ, ನೀಲಾಂಬಿಕೆ ಕಾವು ಅಳೆಯುವ ಡಬ್ಬಿಯೊಂದನ್ನು ತರಿಸಿದಳು. ಬೆಂಕಿಪೊಟ್ಟಣದಷ್ಟಿದೆ, ಪರದೆ ಇಲ್ಲ. ವೈಫೈಗೆ ಸೇರಿಸಿದರೆ ಮೊಬೈಲು ಕಾವನ್ನು ಬಾಯಿಬಿಟ್ಟು ಹೇಳುತ್ತದೆ.

ಸೇರಿಸಲು ಬಂದವಳು ಮೈದುನನ ಮಗಳು ಶಾಂಭವಿ, ಪಿರಿಯಾಪಟ್ಟಣದ ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿರುವವಳು. ಅವಳು ಬರುವಷ್ಟರಲ್ಲಿ ಸ್ವಾಮಿ ಡಬ್ಬಿಯ ಪೂಜೆ ಮುಗಿಸಿದ್ದ. ಹೊಸ ವಸ್ತುವಿಗೆ ವಿಭೂತಿ ಬಳಿಯದೆ ಬಳಸುವ ಪದ್ಧತಿ ಆ ಮನೆಯಲ್ಲಿಲ್ಲ. ನೀರಲ್ಲಿ ಕಲಸಿದ ಮೂರು ಪಟ್ಟೆ ಸರಿಯಾಗಿ, ವೈಫೈಗೆ ಸೇರಿಸಲು ಬೇಕಾದ ಕೋಡ್ ಇದ್ದ ಚೀಟಿಯ ಮೇಲೇ ಬಿದ್ದಿದ್ದವು. ಒರೆಸಿದರೆ ಅಕ್ಷರಗಳೂ ಜೊತೆಗೇ ಬಂದವು.

"ಪರವಾಗಿಲ್ಲ ದೊಡ್ಡಪ್ಪ, ಬಟನ್ ಒತ್ತಿ ಹಿಡ್ಕಂಡ್ರೂ ಆಯ್ತದೆ," ಎಂದಳು ಶಾಂಭವಿ.

"ಒತ್ತೋದು ನಾನೇ" ಎಂದು ಸ್ವಾಮಿ ಡಬ್ಬಿ ಹಿಡಿದು, ಅದನ್ನು ಕೂರಿಸಬೇಕಾದ ಬ್ಯಾರನ್ನಿನ ಹಿಂದಕ್ಕೆ ಹೋದ. ಅವನ ಮೊಬೈಲು ಜಗಲಿಯ ಮೇಲೆ ಚಾರ್ಜಿಗಿತ್ತು. ಶಾಂಭವಿ ಅದನ್ನು ಹಿಡಿದು ಅಲ್ಲೇ ಕೂತಳು. ಪಕ್ಕದಲ್ಲಿ ನೀಲಾಂಬಿಕೆ ಬಾಣಂತಿಗೆಂದು ಬೆಳ್ಳುಳ್ಳಿ ಬಿಡಿಸುತ್ತಿದ್ದಳು.

"ದೀಪ ಯಾವ ಬಣ್ಣ ದೊಡ್ಡಪ್ಪ? ನೀಲಿ ಬಂದ್ರೆ ಹೇಳಿ, ಕೆಂಪಿದ್ರೆ ಇನ್ನೂ ಒತ್ಬೇಕು."



"ನೀಲಿ ಕಣವ್ವ," ಎಂದಳು ನೀಲಾಂಬಿಕೆ. ಕೂತಲ್ಲಿಂದ ಅವಳಿಗೆ ಗೋಡೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಮೊಬೈಲು ಹುಡುಕಿ ಹುಡುಕಿ ಸೋತಿತು. ಎರಡನೇ ಸಲವೂ ನೀಲಾಂಬಿಕೆ ನೀಲಿ ಎಂದಳು. ಎರಡನೇ ಸಲವೂ ಆಗಲಿಲ್ಲ. ಶಾಂಭವಿ ದೊಡ್ಡಮ್ಮನ ಮುಖ ನೋಡಿದಳು. ದೊಡ್ಡಮ್ಮ ಬೆಳ್ಳುಳ್ಳಿ ನೋಡಿದಳು. ಮೂರನೇ ಸಲ ಬಾಯಿ ತೆರೆಯುವಷ್ಟರಲ್ಲಿ ಬ್ಯಾರನ್ನಿನ ಹಿಂದಿನಿಂದ ದನಿ ಬಂತು.

"ನೀನು ಸುಮ್ಕಿರೇ. ಶಾಂಭವಿ, ನಂಗೆ ಕಣ್ ಕಾಣಾಕಿಲ್ಲ ಕಣವ್ವ. ಕೆಂಪೋ ನೀಲಿಯೋ, ನೀನೇ ಬಂದು ನೋಡು."

ನೀಲಾಂಬಿಕೆಗೆ ದುಃಖ ಒತ್ತರಿಸಿ ಬಂತು. ಎರಡು ವರ್ಷ ಅವನ ಮಾನ ಕಾದಿದ್ದಳು. ಅದನ್ನು ಅವನೇ ಇಳಿಸಿಟ್ಟಾಗ ಎದೆ ಹಗುರವೂ ಆಯಿತು.

ದೀಪ ಕೆಂಪೇ ಇತ್ತು. ಶಾಂಭವಿ ಇನ್ನಷ್ಟು ಹೊತ್ತು ಒತ್ತಿದಳು, ಡಬ್ಬಿ ಸೇರಿಕೊಂಡಿತು. ಅದರ ತಂತಿಯನ್ನು ಬ್ಯಾರನ್ನಿನೊಳಗೆ ಇಳಿಬಿಟ್ಟ ಮೇಲೆ ಮೊಬೈಲು, "ನೂರಾ ಎರಡು ಡಿಗ್ರಿ" ಎಂದಿತು.

ಸ್ವಾಮಿ ಜಗಲಿಗೆ ಬಂದು ಹೆಂಡತಿಯ ಪಕ್ಕ ಕೂತ.

"ನಾಳೆ ಮೊದಲ್ನೇ ಬಸ್ಗೇ ಒಂಟೋಗು," ಎಂದ. "ಮಗು ಯಾರಂಗದೆ ಅಂತ ಪೋನ್ ಮಾಡಿ ಹೇಳು. ಪೋಟೋ ಕಳಿಸ್ಬ್ಯಾಡ."